ಮಲೆನಾಡಿನ ಊರುಗಳು ಬರಿದಾಗುತ್ತಿದ್ದರೂ ದೇಶದ ಜನಸಂಖ್ಯೆ ಏರುತ್ತಿರುವುದು ಹೇಗೆ?
ತೀರ್ಥಹಳ್ಳಿ ಕಡೆಯ ನಿಮ್ಮ ಊರಿನ ಶಾಲೆ ಮಕ್ಕಳಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿದೆ, ಹಾಗಿದ್ದೂ ಜನಸಂಖ್ಯೆಯಲ್ಲಿ ಭಾರತ ಚೀನಾವನ್ನು ಹಿಂದಿಕ್ಕಿತು ಎನ್ನುತ್ತಾರೆ, ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಎರಡೂ ನಿಜವೇ. ಸಾಗರ ತಾಲ್ಲೂಕಿನ ನಿವಾಸಿಯಾದ ನಾನೂ ಇದನ್ನೇ ನೋಡುತ್ತಿದ್ದೇನೆ.

2001ರಿಂದ 2011ರ ನಡುವೆ ದೇಶದ ಜನಸಂಖ್ಯೆ ಶೇ. 17.7ರಷ್ಟು, ಕರ್ನಾಟಕದ್ದು ಶೇ. 15.6ರಷ್ಟು ಹೆಚ್ಚಿದರೆ, ಶಿವಮೊಗ್ಗ ಜಿಲ್ಲೆಯ ಏರಿಕೆ ಶೇ. 6.7 ಮಾತ್ರ. ಅದರಲ್ಲೂ ದೊಡ್ಡ ಪಾಲು 2.74 ಲಕ್ಷದಿಂದ 3.22 ಲಕ್ಷಕ್ಕೆ ಬೆಳೆದ ಶಿವಮೊಗ್ಗ ನಗರದ್ದು. ಕೊಡಗಿನಲ್ಲಿ ಏರಿಕೆ ಶೇ. 1ರ ಆಸುಪಾಸಿನಲ್ಲಿತ್ತು, ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಜನಸಂಖ್ಯೆ ಸುಮಾರು ಮೂರು ಸಾವಿರದಷ್ಟು ಇಳಿದೇಬಿಟ್ಟಿತು. ದೇಶದ ಸರಾಸರಿಯನ್ನು ಮಲೆನಾಡಿಗೆ ಅನ್ವಯಿಸಿದರೆ ದಾರಿ ತಪ್ಪುವುದು ಖಚಿತ.

ದೇಶದ ಮಟ್ಟದಲ್ಲೂ ಜನನ ಪ್ರಮಾಣ ಕುಸಿದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಮಹಿಳೆ ಸರಾಸರಿ ಹೆರುವ ಮಕ್ಕಳ ಸಂಖ್ಯೆ 1992–93ರಲ್ಲಿ 3.4 ಇದ್ದದ್ದು 2019–21ರ ಹೊತ್ತಿಗೆ 2.0ಕ್ಕೆ ಬಂದಿದೆ, ಕರ್ನಾಟಕದಲ್ಲಿ ಅದು 1.7, ಬಿಹಾರದಲ್ಲಿ 3.0. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಲು ಸುಮಾರು 2.1 ಬೇಕು. ಆದರೂ ಸಂಖ್ಯೆ ಏರುತ್ತಿರುವುದಕ್ಕೆ ಕಾರಣ, ಹೆಚ್ಚು ಮಕ್ಕಳು ಹುಟ್ಟುತ್ತಿದ್ದ ಕಾಲದಲ್ಲಿ ಜನಿಸಿದವರು ಈಗ ತಾಯ್ತಂದೆಯರಾಗುವ ವಯಸ್ಸಿನಲ್ಲಿರುವುದು. ಪ್ರತಿ ಮನೆಯಲ್ಲಿ ಮಕ್ಕಳು ಕಡಿಮೆಯಾದರೂ ಅಂಥ ಮನೆಗಳೇ ಹೆಚ್ಚಿರುವುದರಿಂದ, ಹುಟ್ಟುವವರ ಒಟ್ಟು ಸಂಖ್ಯೆ ಸಾಯುವವರಿಗಿಂತ ಇನ್ನೂ ಬಹಳ ಹೆಚ್ಚಿದೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಈ ಏರಿಕೆ 2060ರ ದಶಕದ ಆರಂಭದವರೆಗೂ ನಡೆದು, ಸುಮಾರು 170 ಕೋಟಿಯಲ್ಲಿ ನಿಲ್ಲುತ್ತದೆ.

ನಮ್ಮ ಕಡೆ ಇದರ ಜೊತೆಗೆ ವಲಸೆಯೂ ಸೇರಿಕೊಂಡಿದೆ, ಮತ್ತು ನನ್ನ ಮಟ್ಟಿಗೆ ಶಾಲೆಯ ವಿಷಯದಲ್ಲಿ ಅದೇ ಮುಖ್ಯ. ಯಾವುದೇ ಅಡಿಕೆ ತೋಟದ ಮನೆಯನ್ನು ನೋಡಿ: ಪಡಿತರ ಚೀಟಿಯಲ್ಲಿ ಆರು ಹೆಸರುಗಳಿದ್ದರೂ ಮನೆಯಲ್ಲಿ ಇರುವವರು ಅಜ್ಜ, ಅಜ್ಜಿ ಇಬ್ಬರೇ, ಮಗ, ಸೊಸೆ, ಮೊಮ್ಮಕ್ಕಳು ಬೆಂಗಳೂರಿನಲ್ಲಿ. ಮತದಾರರ ಪಟ್ಟಿಯಲ್ಲಿಯೂ ಮಗನ ಹೆಸರು ಊರಿನದ್ದೇ ಇರಬಹುದು. ಜನಗಣತಿ ಮಾತ್ರ ಚೀಟಿಯನ್ನು ನೋಡುವುದಿಲ್ಲ, ಎಣಿಕೆಯ ದಿನಗಳಲ್ಲಿ ಯಾರು ಎಲ್ಲಿ ವಾಸವಾಗಿದ್ದಾರೆ ಎಂಬುದನ್ನು ನೋಡುತ್ತದೆ. ಹೋದವರು ಮಕ್ಕಳನ್ನು ಹೆರುವ, ಬೆಳೆಸುವ ವಯಸ್ಸಿನವರಾದ್ದರಿಂದ ಒಂದು ಮನೆಯವರು ಹೊರಟರೆ ಶಾಲೆಗೆ ಮುಂದೆ ಬರಬೇಕಾಗಿದ್ದ ಮಕ್ಕಳೂ ಹೊರಟಂತೆಯೇ. ಅಡಿಕೆ ಕೊಯ್ಲು, ಸುಲಿಯುವ ಕೆಲಸಕ್ಕೆ ಹೊರಗಿನಿಂದ ಬಂದವರು ತೋಟದ ಶೆಡ್ಡಿನಲ್ಲಿ ಇರುತ್ತಾರೆ ನಿಜ, ಆದರೆ ಹಂಗಾಮು ಮುಗಿದೊಡನೆ ಹೊರಡುವವರ ಮಕ್ಕಳಿಂದ ಶಾಲೆಯ ಹಾಜರಿ ಪುಸ್ತಕ ತುಂಬದು.

ನಿಮ್ಮ ಊರಿನಲ್ಲಿ ಯಾವ ಕಾರಣ ಹೆಚ್ಚು ಎಂದು ತಿಳಿಯಬೇಕಿದ್ದರೆ ಜನಗಣತಿಯ ಗ್ರಾಮವಾರು ಕೋಷ್ಟಕದಲ್ಲಿ ಕುಟುಂಬಗಳ ಸಂಖ್ಯೆ, ಒಟ್ಟು ಜನಸಂಖ್ಯೆ ಹಾಗೂ 0–6 ವಯಸ್ಸಿನ ಮಕ್ಕಳ ಸಂಖ್ಯೆಯನ್ನು 2001 ಮತ್ತು 2011ಕ್ಕೆ ಹೋಲಿಸಿ. ಕುಟುಂಬಗಳು ಅಷ್ಟೇ ಇದ್ದು ಮಕ್ಕಳ ಜೊತೆಗೆ ದೊಡ್ಡವರ ಸಂಖ್ಯೆಯೂ ಇಳಿದಿದ್ದರೆ ವಲಸೆಯ ಪಾಲು ದೊಡ್ಡದು. ಮಕ್ಕಳ ಸಂಖ್ಯೆ ಮಾತ್ರ ಇಳಿದಿದ್ದರೆ ಜನನ ಪ್ರಮಾಣದ ಪಾಲು ದೊಡ್ಡದು. 2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್ ಕಾರಣ ಮುಂದಕ್ಕೆ ಹೋದದ್ದರಿಂದ ಇದಕ್ಕಿಂತ ಹೊಸ ಅಂಕಿಗಳಿಗೆ, 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿ ಇಟ್ಟುಕೊಂಡ ಗಣತಿಯ ಫಲಿತಾಂಶ ಬರುವವರೆಗೆ ಕಾಯಬೇಕು.