ಯೆಲ್ಲೋನೈಫ್‌ನಲ್ಲಿ ವಜ್ರದ ಗಣಿ ಕೆಲಸ ಸಿಕ್ಕಿದೆ. ಕೆನಡಾದ ಉತ್ತರ ಬೆಳೆಯುತ್ತಿದೆ ಅಂತಾರೆ. ಅಲ್ಲೇ ಮನೆ ಕೊಳ್ಳಲಾ, ದಕ್ಷಿಣದ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್‌ನಿಂದ ಹೋಗಿಬರಲಾ?

ನಾನೂ ಇದೇ ಯೋಚನೆಯಲ್ಲಿದ್ದೆ. ಕೊನೆಗೆ ಮನೆ ಕೊಂಡೆ. ನೀವು ಕೊಳ್ಳಬೇಡಿ.

ಗಣಿಯ ವರ್ಕ್‌ಶಾಪ್‌ನಲ್ಲಿ ದೊಡ್ಡ ಟಿಪ್ಪರ್‌ಗಳ ರಿಪೇರಿ ನನ್ನ ಕೆಲಸವಾಗಿತ್ತು. ಎರಡು ವಾರ ಗಣಿ, ಎರಡು ವಾರ ರಜೆ. ಕೈತುಂಬ ಸಂಬಳ. ಇನ್ನೂ ಹದಿನೈದು ವರ್ಷ ಗಣಿ ನಡೆಯುತ್ತದೆ ಅಂತ ಕಂಪನಿಯ ವರದಿಯಲ್ಲಿತ್ತು. ಅದನ್ನು ನಂಬಿ ಸಾಲ ಮಾಡಿದೆ, ಹೆಂಡತಿ ಮಗಳನ್ನು ಕರೆಸಿಕೊಂಡೆ.

ಆ ಹದಿನೈದು ವರ್ಷ ಎಲ್ಲಿಂದ ಬಂತು ಅಂತ ನಾನು ಕೇಳಲೇ ಇಲ್ಲ. ಅದು ನೆಲದಡಿ ಎಷ್ಟು ವಜ್ರ ಇದೆ ಅನ್ನುವ ಲೆಕ್ಕ ಅಲ್ಲ. ಈಗಿನ ದರಕ್ಕೆ ಎಷ್ಟು ತೆಗೆದರೆ ಲಾಭ ಅನ್ನುವ ಲೆಕ್ಕ. ದರ ಬಿದ್ದರೆ ವಜ್ರ ಅಲ್ಲೇ ಇರುತ್ತದೆ, ವರ್ಷಗಳು ಕಮ್ಮಿಯಾಗುತ್ತವೆ. ಖರ್ಚು ಬೇರೆ ವಿಪರೀತ. ಆ ಗಣಿಗಳಿಗೆ ವರ್ಷಪೂರ್ತಿ ರಸ್ತೆ ಇಲ್ಲ. ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹೋಗುವ ಐಸ್ ರೋಡು ಚಳಿಗಾಲದ ಕೊನೆಗೆ ಎಂಟು-ಹತ್ತು ವಾರ ಮಾತ್ರ ತೆರೆದಿರುತ್ತದೆ. ವರ್ಷದ ಡೀಸೆಲ್ಲು, ಟೈರು, ಸಿಮೆಂಟು ಅಷ್ಟರಲ್ಲೇ ಸೇರಬೇಕು. 2006ರಲ್ಲಿ ಚಳಿ ಸಾಲದೆ ರಸ್ತೆ ಬೇಗ ಮುಚ್ಚಿತು, ಡೀಸೆಲ್ಲನ್ನೂ ವಿಮಾನದಲ್ಲಿ ಸಾಗಿಸಬೇಕಾಯಿತು. ಇದರ ಮೇಲೆ ವಜ್ರದ ದರ ಇಳಿದರೆ ಮುಗಿಯಿತು. ನಮ್ಮಲ್ಲಿ ಹಾಗೇ ಆಯಿತು, ಕೆಲಸ ಹೋಯಿತು. ಮನೆ ಮಾರಲು ಹೋದರೆ, ಕೊಳ್ಳಬೇಕಾದ ಗಣಿಯವರೆಲ್ಲ ತಾವೂ ಮಾರುತ್ತಿದ್ದರು! ನಷ್ಟಕ್ಕೇ ಕೊಟ್ಟೆ. ಇದು ಒಂದು ಗಣಿಯ ಕಥೆಯಲ್ಲ. ಅಲ್ಲಿನದೇ ಸ್ನ್ಯಾಪ್ ಲೇಕ್ ವಜ್ರದ ಗಣಿ 2008ರಲ್ಲಿ ಶುರುವಾಗಿ 2015ರ ಡಿಸೆಂಬರಿನಲ್ಲೇ ನಿಂತುಹೋಯಿತು.

ಇನ್ನು 'ಉತ್ತರ ಬೆಳೆಯುತ್ತಿದೆ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯೆಲ್ಲೋನೈಫ್ ಪಕ್ಕದಲ್ಲೇ ಜೈಂಟ್ ಅನ್ನುವ ಹಳೆಯ ಚಿನ್ನದ ಗಣಿ ಇದೆ. 1948ರಿಂದ ಚಿನ್ನ ತೆಗೆದರು. ಅದರಡಿ 2,37,000 ಟನ್ ಆರ್ಸೆನಿಕ್ ವಿಷದ ಪುಡಿ ಬಿದ್ದಿದೆ. ಕಂಪನಿ ದಿವಾಳಿಯಾಯಿತು. ಈಗ ಸರ್ಕಾರ ಆ ವಿಷವನ್ನು ನೆಲದೊಳಗೇ ಹೆಪ್ಪುಗಟ್ಟಿಸಿ ಇಡಲು ಹೊರಟಿದೆ. ಖರ್ಚಿನ ಅಂದಾಜು 400 ಕೋಟಿ ಡಾಲರಿಗೂ ಜಾಸ್ತಿ. ನಾವೆಲ್ಲ ಗಂಟುಮೂಟೆ ಕಟ್ಟಬಹುದು. ಅಲ್ಲಿನ ಮೂಲನಿವಾಸಿಗಳಾದ ಡೆನೆ ಜನ ಎಲ್ಲಿಗೆ ಹೋಗಬೇಕು? ನಾನು ಬಂಗಾರಪೇಟೆಯವನು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಜನರ ಪಾಲಿಗೆ ಉಳಿದವು. ಇದನ್ನೆಲ್ಲ ಬೆಳವಣಿಗೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಎಡ್ಮಂಟನ್‌ನಿಂದ ಹೋಗಿಬಂದರೆ ನಿಮಗೆ ಉಳಿತಾಯ, ನಿಜ. ಆದರೆ ನೀವು ಖರ್ಚು ಮಾಡುವ ಸಂಬಳ, ಪ್ರಾಂತ್ಯಕ್ಕೆ ಕಟ್ಟುವ ಆದಾಯ ತೆರಿಗೆ ಆಲ್ಬರ್ಟಾಕ್ಕೇ ಹೋಗುತ್ತದೆ. ಕೆಡುವುದು ಡೆನೆ ಜನರ ನೆಲ, ತುಂಬುವುದು ಬೇರೆ ಊರಿನ ಅಂಗಡಿ. ಸರಿಯಲ್ಲ ಅಲ್ವಾ? ಯೆಲ್ಲೋನೈಫ್‌ನಲ್ಲೇ ಇರಿ, ಬಾಡಿಗೆಗೆ ಇರಿ. ರಜೆಯ ವಾರಗಳಲ್ಲಿ ಗಣಿ ನೀರು ಶುದ್ಧ ಮಾಡುವ ಕೆಲಸ ಕಲಿಯಿರಿ. ಗಣಿ ನಿಂತ ಮೇಲೂ ಆ ಕೆಲಸ ನಿಲ್ಲುವುದಿಲ್ಲ.

ಸಹಿ ಹಾಕುವ ಮೊದಲು ನಿಮ್ಮ ಗಣಿಯನ್ನು ಮುಚ್ಚುವ ಯೋಜನೆ ಓದಿ. ನೆಲ-ನೀರು ಬಳಸಲು ಗಣಿಗಳಿಗೆ ಪರವಾನಗಿ ಕೊಡುವ ಅಲ್ಲಿನ ಲ್ಯಾಂಡ್ ಅಂಡ್ ವಾಟರ್ ಬೋರ್ಡ್‌ಗಳ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು.