ಸಂಡೆ ಬಜಾರಿನಲ್ಲಿ ಹಳೆ ನೋಟು, ಪದಕ ಹುಡುಕುವಾಗ ಏನು ನೋಡಬೇಕು?

ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೆ ಬಜಾರಿಗೆ ಹೊಸದಾಗಿ ಹೋಗುತ್ತಿದ್ದೀನಿ, ಹಳೆ ನೋಟು, ಮೆಡಲ್ ಕೊಳ್ಳುವಾಗ ಮೋಸ ಹೋಗದಿರೋದು ಹೇಗೆ, ನಂಬರಿನಲ್ಲಿ 786 ಇರುವ ನೋಟಿಗೆ ಲಕ್ಷ ಸಿಗುತ್ತೆ ಅನ್ನೋ ವಿಡಿಯೋ ನಿಜವಾ ಅಂತ ಕೇಳಿದ್ದೀರಿ.

ಲಕ್ಷದ ಮಾತು ಬಿಟ್ಟುಬಿಡಿ. ಆ ವಿಡಿಯೋ ನೋಡಿ ಫೋನ್ ಮಾಡಿದವರಿಂದ ಕಮಿಷನ್, ತೆರಿಗೆ ಅಂತ ದುಡ್ಡು ಕೀಳುವವರಿದ್ದಾರೆ. ತನ್ನ ಹೆಸರನ್ನೂ ಇದಕ್ಕೆ ಬಳಸುತ್ತಿದ್ದಾರೆ, ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ನಾನೂ ಮೊದಲ ವರ್ಷ ಟೋಪಿ ಹಾಕಿಸಿಕೊಂಡವನೇ. 'ಬೋಣಿ ಟೈಮು ಸಾರ್' ಅಂದವನ ಮಾತಿಗೆ ಕರಗಿ, ಒಂದು ಕಡೆ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತಿದ್ದ ನಾಣ್ಯಕ್ಕೆ 400 ರೂಪಾಯಿ ಕೊಟ್ಟೆ. ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ. ಇವತ್ತಿಗೂ ಪ್ರತಿ ಗೋಣಿತಾಟಿನ ಮೇಲೆ ಹತ್ತಾರು ಬಿದ್ದಿರುತ್ತವೆ.

ಪದಕ ಕೈಗೆ ಬಂದರೆ ಮುಖ ನೋಡಬೇಡಿ, ಅಂಚು ನೋಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್‌ನ ಅಂಚಿನಲ್ಲಿ ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಡೆ ಎಲ್ಲ ಅಚ್ಚೊತ್ತಿರುತ್ತದೆ. ಎರಡನೇ ಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟಿತು, ಭಾರತದವರಿಗೆ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಹೆಸರಿದೆ. ಹೆಸರಿದ್ದರೆ ಆ ಲೋಹದ ತುಂಡಿಗೆ ಒಬ್ಬ ಮನುಷ್ಯ ಸಿಕ್ಕ ಹಾಗೆ, ಬೆಲೆ ಕಟ್ಟುವುದೂ ಅದಕ್ಕೇ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ (ಇಂದಿನ ಇಸ್ರೇಲಿನ ಊರು) ಕಾದಾಡಿದ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಹೆಸರು ಅಂಚಿನಲ್ಲಿ ಕಂಡರೆ ಚೌಕಾಸಿ ಜಾಸ್ತಿ ಎಳೆಯಬೇಡಿ. ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನ ಸುತ್ತ ಅರ ಉಜ್ಜಿದ ಗೆರೆ ಇದ್ದರೆ ಅದು ಎರಕ ಹೊಯ್ದ ನಕಲು. ಬೆಳ್ಳಿಯ ಪದಕಗಳು ಬೆಳ್ಳಿ ದರ ಏರಿದಾಗ ಕುಲುಮೆಗೆ ಹೋಗುತ್ತವೆ, ಹಾಗಾಗಿ ಕೆಲವನ್ನು ಗುಜರಿಯವರಿಂದಲೇ ಬಿಡಿಸಿಕೊಳ್ಳಬೇಕು. ತಂದಮೇಲೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನೂರು ವರ್ಷ ದಾಟಿದ್ದನ್ನು ವಿದೇಶಕ್ಕೆ ಕಳಿಸುವ ಯೋಚನೆಯೂ ಬೇಡ, 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ.

ನೋಟಿನಲ್ಲಿ ಸಹಿ ಓದಿ. ಒಂದು ರೂಪಾಯಿ ನೋಟು ಭಾರತ ಸರ್ಕಾರದ್ದು, ಅದಕ್ಕೆ ಹಣಕಾಸು ಕಾರ್ಯದರ್ಶಿ ಸಹಿ ಹಾಕುತ್ತಾರೆ. ಉಳಿದವಕ್ಕೆ ಆರ್‌ಬಿಐ ಗವರ್ನರ್. ಮನಮೋಹನ್ ಸಿಂಗ್ ಎರಡೂ ಕುರ್ಚಿಯಲ್ಲಿ ಕೂತಿದ್ದವರು, ಹಾಗಾಗಿ ಅವರ ಸಹಿ ಒಂದು ರೂಪಾಯಿಯಲ್ಲೂ ಸಿಗುತ್ತದೆ, ದೊಡ್ಡ ನೋಟಿನಲ್ಲೂ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಅಗ್ಗದ, ಖುಷಿಯ ಆಟ ಇನ್ನೊಂದಿಲ್ಲ. 1969ರ ಗಾಂಧಿ ಶತಮಾನೋತ್ಸವದ ನೋಟು, ನಂಬರಿನ ನಡುವೆ ನಕ್ಷತ್ರ ಇರುವ ನೋಟುಗಳನ್ನೂ ಗಮನಿಸಿ. ಲ್ಯಾಮಿನೇಷನ್ ಮಾಡಿದ್ದು, ಇಸ್ತ್ರಿ ಹೊಡೆದು ಗರಿಗರಿ ಮಾಡಿದ್ದು ಬೇಡವೇ ಬೇಡ. ಟಾರ್ಚ್ ಓರೆಯಾಗಿ ಹಿಡಿದರೆ ಹಳೆ ಮಡಿಕೆ ಗೆರೆ ಕಾಣುತ್ತದೆ.

ರದ್ದಾದ 500, 1000ದ ನೋಟನ್ನು ಕಟ್ಟುಗಟ್ಟಲೆ ತರಬೇಡಿ. 2017ರ ಕಾಯ್ದೆಯಂತೆ 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ 25.

ನೋಟಿಗಿಂತ ನನಗೆ ಹೆಚ್ಚು ದಕ್ಕಿದ್ದು ರದ್ದಿ ಕಟ್ಟುಗಳಲ್ಲಿ: ಗಂಡಭೇರುಂಡದ ಮೈಸೂರು ಛಾಪಾ ಕಾಗದ, ಹುಂಡಿ (ಹಳೆ ಕಾಲದ ವ್ಯಾಪಾರಿಗಳು ಹಣ ಪಾವತಿಗೆ ಬರೆದುಕೊಡುತ್ತಿದ್ದ ಚೀಟಿ), ಹಳೆ ಷೇರು ಪತ್ರ. ನೋಟಿನ ಗಿರಾಕಿಗಳು ಇವನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಬೆಳಕು ಹರಿಯುವ ಮೊದಲೇ ಹೋಗಿ, ಚಿಲ್ಲರೆ ಇರಲಿ, ಭೂತಗನ್ನಡಿ ಜೇಬಿನಲ್ಲೇ ಇರಲಿ. ಅದನ್ನು ಹೊರಗೆ ತೆಗೆದ ಕ್ಷಣ ರೇಟು ಎರಡರಷ್ಟಾಗುತ್ತದೆ. ಅಸಲಿ ನೋಟು ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸವಾಗಬೇಕಾದರೆ ಬ್ರಂಟನ್ ರಸ್ತೆಯಲ್ಲಿ ರಿಜ್ವಾನ್ ರಜಾಕ್ ಅವರ ಕಾಗದದ ಹಣದ ಮ್ಯೂಸಿಯಂ ಇದೆ. ಮೊದಲು ಅಲ್ಲಿಗೆ ಹೋಗಿಬನ್ನಿ, ಆಮೇಲೆ ಬಜಾರು.