ನಿಘಂಟಿನಲ್ಲಿದ್ದ ಮಾತ್ರಕ್ಕೆ ಅದು ಪದವೇ?

ಪ್ರಶ್ನೆ: ಇಂಗ್ಲಿಷ್ ನಿಘಂಟಿನ ಪುಟಗಳನ್ನು ಬಿಡುವಿದ್ದಾಗ ತಿರುವಿ ಹಾಕುವ ಅಭ್ಯಾಸ ನನಗಿದೆ. ಆಗೆಲ್ಲ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಎಂಬಂಥ, ಯಾರ ಬಾಯಲ್ಲೂ ಕೇಳದ ಪದಗಳು ಕಣ್ಣಿಗೆ ಬೀಳುತ್ತವೆ. ಇವನ್ನು ಯಾರಾದರೂ ಬಳಸಿದ್ದುಂಟೇ? ನಿಘಂಟಿನಲ್ಲಿರುವುದನ್ನೆಲ್ಲ ನಂಬಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ತಾವು ಹೆಸರಿಸಿದ ಪದವನ್ನು ಬಳಸಿದವರಿದ್ದಾರೆ. ಯಾವುದನ್ನಾದರೂ ಕ್ಷುಲ್ಲಕವೆಂದು ತಳ್ಳಿಹಾಕುವುದು ಎಂಬ ಅರ್ಥದ ಈ ಪದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1741ರಷ್ಟು ಹಿಂದಿನ ಪ್ರಯೋಗವನ್ನು, ಕವಿ ವಿಲಿಯಂ ಶೆನ್‌ಸ್ಟನ್ ಬರೆದ ಪತ್ರದಿಂದ, ಕೊಡುತ್ತದೆ. ‘ಬೆಲೆಯಿಲ್ಲದ್ದು’ ಎಂಬ ಭಾವದ ನಾಲ್ಕು ಲ್ಯಾಟಿನ್ ಮಾತುಗಳನ್ನು ಸಾಲಾಗಿ ಪೋಣಿಸಿ ಮಾಡಿದ ವಿದ್ವಾಂಸರ ವಿನೋದವಿದು.

ಮೋಸಹೋಗುವ ಸಂಭವ ಹೆಚ್ಚಿರುವುದು ಇಂಥ ಉದ್ದನೆಯ ಪದಗಳಲ್ಲಿ ಅಲ್ಲ, ಸಾಧುವಾಗಿ ಕಾಣುವ ಪುಟ್ಟ ಪದಗಳಲ್ಲಿ. 1934ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವೆಬ್‌ಸ್ಟರ್ ಬೃಹತ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ ನಾಮಪದವಿತ್ತು. ಭೌತ ಹಾಗೂ ರಸಾಯನ ಶಾಸ್ತ್ರಗಳಲ್ಲಿ ಅದಕ್ಕೆ ಸಾಂದ್ರತೆ ಎಂದು ಅರ್ಥವನ್ನೂ ಕೊಡಲಾಗಿತ್ತು. ಆದರೆ ಅಂಥ ಪದ ಯಾವ ಪ್ರಯೋಗಾಲಯದಲ್ಲಿಯೂ ಇರಲಿಲ್ಲ. ರಸಾಯನಶಾಸ್ತ್ರ ವಿಭಾಗದ ಸಂಪಾದಕರಾಗಿದ್ದ ಆಸ್ಟಿನ್ ಪ್ಯಾಟರ್ಸನ್ ಅವರು 1931ರಲ್ಲಿ ಕಳುಹಿಸಿದ ಚೀಟಿಯೊಂದರಲ್ಲಿ, ದೊಡ್ಡಕ್ಷರದ ‘ಡಿ’ ಅಥವಾ ಚಿಕ್ಕಕ್ಷರದ ‘ಡಿ’ ಸಾಂದ್ರತೆಯ ಸಂಕೇತವೆಂದು ಸೂಚಿಸಿದ್ದರು. ಮುಖ್ಯಪದದ ಅಕ್ಷರಗಳನ್ನು ಬಿಡಿಬಿಡಿಯಾಗಿ ಟೈಪು ಮಾಡುವ ರೂಢಿ ಅಲ್ಲಿದ್ದುದರಿಂದ, ಆ ಎರಡು ‘ಡಿ’ಗಳೂ ನಡುವೆ ಇದ್ದ, ‘ಅಥವಾ’ ಎಂಬರ್ಥದ ‘ಆರ್’ ಎಂಬ ಇಂಗ್ಲಿಷ್ ಅವ್ಯಯವೂ ಕೂಡಿ ಒಂದೇ ಪದವೆಂಬಂತೆ ಕಂಡವು. ಸಂಕ್ಷೇಪಾಕ್ಷರಗಳ ಕಟ್ಟಿಗೆ ಸೇರಬೇಕಾದ ಚೀಟಿ ಪದಗಳ ಕಟ್ಟಿಗೆ ಸೇರಿತು. ಆಮೇಲೆ ಯಾರೋ ಅದಕ್ಕೆ ಉಚ್ಚಾರಣೆಯನ್ನೂ ಒದಗಿಸಿದರು, ಇದೇ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವ ಸಂಗತಿ. ಈ ಪದಕ್ಕೆ ವ್ಯುತ್ಪತ್ತಿಯೇ ಇಲ್ಲವಲ್ಲ ಎಂದು ಸಂಪಾದಕರೊಬ್ಬರಿಗೆ ಸಂಶಯ ಬಂದದ್ದು 1939ರಲ್ಲಿ. ಮುದ್ರಣದಿಂದ ಅದು ಮರೆಯಾದದ್ದು 1947ರಲ್ಲಿ.

ಸ್ಯಾಮ್ಯುಯೆಲ್ ಜಾನ್ಸನ್ ಅವರಂಥ ಪಂಡಿತರೂ ಇದರಿಂದ ಪಾರಾಗಲಿಲ್ಲ. ಹಳೆಯ ಇಂಗ್ಲಿಷ್ ಮುದ್ರಣದ ಉದ್ದನೆಯ ‘ಎಸ್’ ಅಕ್ಷರಕ್ಕೂ ‘ಎಫ್’ ಅಕ್ಷರಕ್ಕೂ ಇದ್ದ ವ್ಯತ್ಯಾಸ, ನಮ್ಮ ‘ಪ’ ಮತ್ತು ‘ಷ’ಗಳ ನಡುವಿನಂತೆ, ಒಂದು ಸಣ್ಣ ಗೆರೆಯಷ್ಟೇ. ‘ಸೂಪ್’ ಎಂಬುದನ್ನು ಅವರು ‘ಫೂಪ್’ ಎಂದು ಓದಿ, ಬಳಕೆ ತಪ್ಪಿದ ಕ್ರಿಯಾಪದವೆಂಬ ಟಿಪ್ಪಣಿಯೊಡನೆ 1755ರ ತಮ್ಮ ನಿಘಂಟಿಗೆ ಸೇರಿಸಿದರು. ಇಂಥವುಗಳನ್ನು ಭೂತಪದಗಳೆಂದು ಕರೆದವರು ಇಂಗ್ಲಿಷ್ ಭಾಷಾವಿದ್ವಾಂಸ ವಾಲ್ಟರ್ ಸ್ಕೀಟ್, 1886ರಲ್ಲಿ. ಕೃತಿಚೌರ್ಯವನ್ನು ಪತ್ತೆಹಚ್ಚಲೆಂದು ಬೇಕೆಂದೇ ಸುಳ್ಳು ಪದವನ್ನು ಸೇರಿಸಿದ ನಿಘಂಟೂ ಇದೆ: 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನ ‘ಎಸ್ಕ್ವಿವೇಲಿಯನ್ಸ್’ ಅಂಥದು.

ಇನ್ನೊಂದು ಬಗೆಯೂ ಉಂಟು. ಹದಿನೇಳನೆಯ ಶತಮಾನದ ಇಂಗ್ಲಿಷ್ ನಿಘಂಟುಗಳು ಹೆಚ್ಚಾಗಿ ಕಠಿಣ ಪದಗಳ ಪಟ್ಟಿಗಳಾಗಿದ್ದವು. 1623ರಲ್ಲಿ ಹೆನ್ರಿ ಕಾಕರಮ್ ಹೊರತಂದ ನಿಘಂಟಿನಂಥವುಗಳಲ್ಲಿ ಲ್ಯಾಟಿನ್ ಮಾತಿಗೆ ಇಂಗ್ಲಿಷ್ ಪ್ರತ್ಯಯ ಹಚ್ಚಿದ ಎಷ್ಟೋ ರೂಪಗಳಿದ್ದು, ಅವುಗಳಲ್ಲಿ ಕೆಲವು ನಿಘಂಟಿನಿಂದ ನಿಘಂಟಿಗೆ ನಕಲಾಗುತ್ತ ಹೋದವೇ ಹೊರತು ಯಾರ ಬರಹದಲ್ಲೂ ನೆಲೆಗೊಳ್ಳಲಿಲ್ಲ.

ಆದ್ದರಿಂದ ಅಪರಿಚಿತ ಪದ ಸಿಕ್ಕಾಗ ಅರ್ಥಕ್ಕಿಂತ ಮೊದಲು ಅದರ ಕೆಳಗಿನ ಉದಾಹರಣೆಗಳನ್ನು ನೋಡಿರಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಪ್ರತಿ ಪ್ರಯೋಗವನ್ನೂ ಇಸವಿಯೊಡನೆ ಕೊಡುತ್ತದೆ. ಬಳಕೆ ತಪ್ಪಿದ ಪದದ ಮೊದಲಲ್ಲಿ ಕಠಾರಿಯಾಕಾರದ ಚಿಹ್ನೆಯಿರುತ್ತದೆ. ಉದಾಹರಣೆಗಳೆಲ್ಲ ಬೇರೆ ನಿಘಂಟುಗಳಿಂದಲೇ ಆಯ್ದವಾಗಿದ್ದರೆ, ಆ ಪದವನ್ನು ಯಾರೂ ಆಡಿರಲಿಲ್ಲವೆಂದು ಬಹುಮಟ್ಟಿಗೆ ಊಹಿಸಬಹುದು.